ಒಳದಾರಿ

ಒಳದಾರಿ ಎಂದು ನಾವು ಕರೆಯುವ ನಮ್ಮ ಗೆಳೆಯ ಹಂಪಿಗೆ ಮೂರು ಸಲ ಹೋಗಿದ್ದಾನೆ. ಕಲ್ಲಿನ ರಥ ನೋಡಿಲ್ಲ. ಯಾಕೋ ಅಂದರೆ, “50 ರೂಪಾಯಿ ನೋಟಿನ ಹಿಂದೆ ಇದೆಯಲ್ಲೋ, ಅದಕ್ಯಾಕೆ ಪೆಟ್ರೋಲ್ ಸುಡ್ಬೇಕು?” ಅನ್ನುತ್ತಾನೆ. ಜೋಗಕ್ಕೆ ನಮ್ಮನ್ನು ಕರೆದೊಯ್ದದ್ದು ಏಪ್ರಿಲ್ ತಿಂಗಳಲ್ಲಿ. ನಾಲ್ಕು ಕವಲೂ ಒಣಗಿ, ಬಂಡೆಯ ಮೇಲೆ ಮಂಗವೊಂದು ಕೂತು ನಮ್ಮನ್ನೇ ನೋಡುತ್ತಿತ್ತು. “ನೀರಿದ್ದಾಗ ಎಲ್ರೂ ನೋಡ್ತಾರೆ ಮಗಾ. ಬಂಡೆ ನೋಡೋರು ಯಾರು?” ಎಂದು ಒಳದಾರಿ ಭಾವುಕನಾದ. ಮಂಗ ಎದ್ದು ಹೋಯಿತು.

ಊಟದ ವಿಷಯದಲ್ಲೂ ಅಷ್ಟೇ. ಜನ ಸಾಲು ನಿಂತಿರುವ ಹೋಟೆಲು ಅವನ ಪಾಲಿಗೆ ಹೋಟೆಲೇ ಅಲ್ಲ. ಸಕಲೇಶಪುರದ ಕಡೆ ಒಮ್ಮೆ ಬೋರ್ಡೇ ಇಲ್ಲದ ಜಾಗಕ್ಕೆ ನುಗ್ಗಿಸಿದ. ಬೆಂಚಿನ ಮೇಲೆ ಕೂತು, ಅಕ್ಕಿರೊಟ್ಟಿ ಹೇಳಿ, “ಚಟ್ನಿ ಸ್ವಲ್ಪ ಜಾಸ್ತಿ ಇರ್ಲಿ” ಎಂದಮೇಲೆ ಗೊತ್ತಾಯಿತು, ಅದು ಯಾರದೋ ಮನೆ. ಪುಣ್ಯಾತ್ಗಿತ್ತಿ, ರೊಟ್ಟಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಇವನು ಇವತ್ತಿಗೂ ಅದನ್ನು ಕರ್ನಾಟಕದ ಅತ್ಯುತ್ತಮ ಹೋಟೆಲು ಎಂದೇ ಹೇಳಿಕೊಂಡು ತಿರುಗುತ್ತಾನೆ.

ಇಂಥವನನ್ನು ಕಟ್ಟಿಕೊಂಡು 2018ರಲ್ಲಿ ಬರ್ಲಿನ್ನಿಗೆ ಹೋದೆ. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಾಸನದ ಗೆಳೆಯ, ಮದುವೆ ಮನೆಯ ಅಡುಗೆಪಟ್ಟಿಯ ಹಾಗೆ ನೋಡಬೇಕಾದ ಜಾಗಗಳ ಪಟ್ಟಿ ಮಾಡಿಟ್ಟಿದ್ದ. ಮೊದಲನೆಯದು ಬ್ರಾಂಡನ್‌ಬರ್ಗ್ ಗೇಟು.

“ಗೇಟ್ ನೋಡೋಕೆ ಜರ್ಮನಿಗೆ ಬರ್ಬೇಕೇನೋ? ಚಿತ್ರದುರ್ಗಕ್ಕೆ ನಡಿ, ಸುತ್ತು ಸುತ್ತಿಗೂ ಒಂದೊಂದಿದೆ” ಎಂದ ಒಳದಾರಿ, ಫೋನ್ ತೆಗೆದು ಮುಂದೆ ಹಿಡಿದ. ಪಾಚಿ ಹಿಡಿದ ಹಂಸದ ದೋಣಿಗಳು, ಬಾಯಿ ತೆರೆದ ಬಣ್ಣಗೆಟ್ಟ ಸುರಂಗ, ಮರಗಳ ಮೇಲೆ ತಲೆಯೆತ್ತಿದ ಜಾಯಿಂಟ್ ವೀಲು. “ಪಾಳುಬಿದ್ದಿದೆ. ಯಾರೂ ಹೋಗಲ್ಲ.”

ಯಾರೂ ಹೋಗದ ಜಾಗದ ಅಷ್ಟೊಂದು ಫೋಟೋ ತೆಗೆದವರು ಯಾರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಜಾಗದ ಹೆಸರು ಶ್ಪ್ರೇಪಾರ್ಕ್. ಪೂರ್ವ ಜರ್ಮನಿ ಎಂಬ ದೇಶ ತನ್ನ 20ನೇ ವರ್ಷದ ಸಂಭ್ರಮಕ್ಕೆ 1969ರಲ್ಲಿ ಶ್ಪ್ರೇ ನದಿಯ ಪಕ್ಕದ ಕಾಡಿನಲ್ಲಿ ಕಟ್ಟಿಕೊಂಡದ್ದು. ಆ ದೇಶಕ್ಕೆಲ್ಲ ಕಾಯಂ ಆಗಿದ್ದ ಇಂಥ ಮನರಂಜನಾ ಪಾರ್ಕು ಇದೊಂದೇ. ಬರ್ಲಿನ್ ಗೋಡೆ ಬಿತ್ತು, ದೇಶವೇ ಹೋಯಿತು, ಪಾರ್ಕು ಉಳಿಯಿತು. ಆಮೇಲೆ ಅದನ್ನು ನಡೆಸಿದ ನಾರ್ಬರ್ಟ್ ವಿಟ್ಟೆ ಎಂಬಾತನ ಕೈಯಲ್ಲಿ ಸಾಲ ಬೆಳೆಯಿತು, ಜನ ಕರಗಿದರು, 2001ಕ್ಕೆ ಬೀಗ ಬಿತ್ತು. ರೈಲಿನಲ್ಲಿ ಈ ಕತೆ ಹೇಳುವಾಗ ಒಳದಾರಿಯ ಕಣ್ಣು ಹರಿಕಥೆ ದಾಸರ ಕಣ್ಣಿನಂತೆ ಹೊಳೆಯುತ್ತಿತ್ತು.

ಕತೆಯೂ ಅಂಥದ್ದೇ ಬಿಡಿ. ಬೀಗ ಬಿದ್ದ ಮೇಲೆ ಈ ವಿಟ್ಟೆ ಏನು ಮಾಡಿದ? ಆರು ಆಟಗಳನ್ನು ಬಿಚ್ಚಿ, ರಿಪೇರಿಗೆ ಕಳಿಸ್ತಿದ್ದೀನಿ ಎಂದು ಹೇಳಿ, ಕಂಟೇನರುಗಳಿಗೆ ತುಂಬಿ, ಹೆಂಡತಿ ಮಕ್ಕಳ ಸಮೇತ ಪೆರು ದೇಶದ ಲಿಮಾ ಸೇರಿದ. ಅಲ್ಲಿಯೂ ಪಾರ್ಕು ಕೈಹಿಡಿಯಲಿಲ್ಲ. ಕೊನೆಗೆ ಹಾರುವ ಚಾಪೆ ಎಂಬ ಆಟದ ಕಂಬದೊಳಗೆ 167 ಕಿಲೋ ಕೊಕೇನ್ ತುಂಬಿ ಜರ್ಮನಿಗೆ ಸಾಗಿಸಲು ಹೋಗಿ ಸಿಕ್ಕಿಬಿದ್ದು ಜೈಲು ಕಂಡ. ಅವನ ತಾತ ಓಟ್ಟೋ ವಿಟ್ಟೆ ಸರ್ಕಸ್ಸಿನವನು. ತಾನು 1913ರಲ್ಲಿ ಐದು ದಿನ ಅಲ್ಬೇನಿಯಾದ ರಾಜನಾಗಿದ್ದೆ ಎಂದು ಸಾಯುವವರೆಗೂ ಹೇಳಿಕೊಂಡವನು. ಗೋರಿಯ ಮೇಲೂ ಮಾಜಿ ರಾಜ ಎಂದೇ ಕೆತ್ತಿದ್ದಾರಂತೆ.

“ಆ ಗೇಟ್ ಹತ್ರ ಸಿಗುತ್ತೇನೋ ಇಂಥ ಸ್ಟೋರಿ?” ಎಂದ ಒಳದಾರಿ. ಸಿಗುವುದಿಲ್ಲ ಎಂದು ಒಪ್ಪಿಕೊಂಡೆ. ಇವನ ಜತೆ ನಾವು ಮತ್ತೆ ಮತ್ತೆ ಹೊರಡುವುದು ಇದಕ್ಕೇ ಇರಬೇಕು.

ಪ್ಲೆಂಟರ್‌ವಾಲ್ಡ್ ಸ್ಟೇಷನ್ನಿನಲ್ಲಿ ಇಳಿದು ಕಾಡೊಳಗೆ ನಡೆದೆವು. ಸುತ್ತಲೂ ಬೇಲಿ. ಮಾರಿಗೊಂದು ಬೋರ್ಡು. “ಏನು ಬರ್ದಿದ್ದಾರೋ?” ಎಂದೆ. “ಒಳಗೆ ಬರಬಾರದು ಅಂತ” ಎಂದ ಹಾಸನದವನು. “ನಮಗೆ ಜರ್ಮನ್ ಬರಲ್ವಲ್ಲ” ಎಂದ ಒಳದಾರಿ. “ನನಗೆ ಬರುತ್ತೆ ಕಣೋ! ಇಲ್ಲಿ ಕೆಲಸ ಮಾಡೋಕೆ ಕೊಟ್ಟಿರೋ ನನ್ನ ಬ್ಲೂ ಕಾರ್ಡಿಗೆ ಕಲ್ಲು ಹಾಕ್ಬೇಡ” ಎಂದು ಹಾಸನದವನು ಅಂಗಲಾಚಿದ.

ಬೇಲಿಯ ಆಚೆ ಎತ್ತರದ ಹುಲ್ಲಿನಲ್ಲಿ ಡೈನೋಸಾರೊಂದು ಮಗ್ಗುಲಾಗಿ ಉರುಳಿತ್ತು, ಭಾನುವಾರದ ಬಾಡೂಟ ಮುಗಿಸಿ ಅಡ್ಡಾದ ಮಾವನವರ ಹಾಗೆ. ಅದರ ಹಿಂದೆ 45 ಮೀಟರ್ ಎತ್ತರದ ಆ ವೀಲು. ಗಾಳಿ ಬೀಸಿದಾಗ ತಾನಾಗಿ ಒಂದಿಷ್ಟು ತಿರುಗುತ್ತಿತ್ತು. ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕಿರ್ರೋ ಎನ್ನುತ್ತಿತ್ತು. ನಾವು ಮೂವರೂ ಮಾತು ಬಿಟ್ಟು ನಿಂತೆವು. ಒಳದಾರಿ ಕೂಡ, ಅರ್ಧ ನಿಮಿಷ.

ಇಲ್ಲೊಂದು ಗುಟ್ಟು ಹೇಳಬೇಕು. ಅವನ ತಾಯಿಯೇ ನನಗೆ ಹೇಳಿದ್ದು. ಇವನು ಆರನೇ ಕ್ಲಾಸಿನಲ್ಲಿದ್ದಾಗ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಜಾಯಿಂಟ್ ವೀಲ್ ಹತ್ತಿ, ತೊಟ್ಟಿಲು ತುದಿಗೆ ಹೋದಾಗ “ಅಮ್ಮಾ, ನಿಲ್ಸಕ್ ಹೇಳು” ಎಂದು ಕಿರುಚಿದನಂತೆ. ನಿಲ್ಲಿಸಿದರು. ತುದಿಯಲ್ಲೇ. ಅಂದಿನಿಂದ ಓಡುವ ಯಾವ ಆಟವನ್ನೂ ಅವನು ಹತ್ತಿಲ್ಲ. ಈ ಶ್ಪ್ರೇಪಾರ್ಕಿನಲ್ಲಿ ಕರೆಂಟು ಇದ್ದಿದ್ದರೆ ಅವನು ಬ್ರಾಂಡನ್‌ಬರ್ಗ್ ಗೇಟಿಗೇ ಹೋಗುತ್ತಿದ್ದ ಎಂದು ನಾನು ಬರೆದುಕೊಡಬಲ್ಲೆ.

ಅರ್ಧ ನಿಮಿಷ ಕಳೆದದ್ದೇ ಅವನಿಗೆ ಬೇಲಿಯಲ್ಲೊಂದು ಕಿಂಡಿ ಕಂಡಿತು. ಒಂದು ಕಾಲು ಒಳಗಿಟ್ಟ. ಎರಡನೆಯದು ಬರಲಿಲ್ಲ, ಪ್ಯಾಂಟು ತಂತಿಗೆ ಸಿಕ್ಕಿಕೊಂಡಿತ್ತು. ಒಂದು ಕಾಲು ಸತ್ತುಹೋದ ದೇಶದಲ್ಲಿ, ಇನ್ನೊಂದು ಬದುಕಿರುವ ಜರ್ಮನಿಯಲ್ಲಿ. ನಾವು ಎಳೆಯುವುದೋ ತಳ್ಳುವುದೋ ಎಂದು ಚರ್ಚಿಸುತ್ತಿರುವಾಗ ಆ ಕಡೆಯಿಂದ ಮಾತು ಕೇಳಿಸಿತು. ಪೊಲೀಸರಲ್ಲ. ಬಿಳಿ ತಲೆಯ ಅಜ್ಜ ಅಜ್ಜಿಯರ ದೊಡ್ಡ ಗುಂಪು, ಮುಂದೆ ಒಬ್ಬ ಗೈಡು.

ಗೈಡು ಬಂದು, ಬೇಲಿಯಲ್ಲಿ ಸಿಕ್ಕಿಕೊಂಡವನನ್ನು ಬೇಸರದಿಂದ ನೋಡಿ, ಇಂಗ್ಲಿಷಿನಲ್ಲಿ ಹೇಳಿದ: ಬಾಗಿಲು ಆ ಕಡೆಗಿದೆ. ಟಿಕೆಟ್ಟಿನ ಮೇಲೆ ಕರೆದೊಯ್ದು ತೋರಿಸುತ್ತೇವೆ. ಇವತ್ತಿನದು ಮುಗಿದಿದೆ.

ಅಜ್ಜಿಯೊಬ್ಬರು ಹತ್ತಿರ ಬಂದು, ಒಳದಾರಿಯ ಪ್ಯಾಂಟನ್ನು ತಂತಿಯಿಂದ ನಾಜೂಕಾಗಿ ಬಿಡಿಸಿಕೊಟ್ಟರು. ಬಿಡಿಸುತ್ತಲೇ ಹಾಸನದವನಿಗೆ ಏನೋ ಹೇಳಿದರು. ಈ ಪಾರ್ಕು ಶುರುವಾದ ಹೊಸತರಲ್ಲಿ ಶಾಲೆಯಿಂದ ಅವರನ್ನು ಇಲ್ಲಿಗೆ ಕರೆತಂದಿದ್ದರಂತೆ. ಆಗಿದ್ದ ವೀಲಿನ ತುದಿಯಲ್ಲಿ ಜುಟ್ಟಿನ ರಿಬ್ಬನ್ನು ಗಾಳಿಗೆ ಹಾರಿಹೋಗಿ, ಮನೆಯಲ್ಲಿ ಬೈಸಿಕೊಂಡರಂತೆ. ಹಾಸನದವನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಒಳದಾರಿ ಕೇಳಿಸಿಕೊಳ್ಳಲಿಲ್ಲ. ಅವನು ಅಜ್ಜ ಅಜ್ಜಿಯರು ಬಾರದ ಹಾಗೆ ಫ್ರೇಮು ಹೊಂದಿಸಿ ಫೋಟೋ ತೆಗೆಯುತ್ತಿದ್ದ. ಸಂಜೆ ಅದು ಇನ್‌ಸ್ಟಾಗ್ರಾಮಿಗೆ ಹೋಯಿತು. ಕೆಳಗೆ ಬರೆದಿದ್ದ: “ಇಲ್ಲಿಗೆ ಯಾರೂ ಬರುವುದಿಲ್ಲ.”

2021ರ ಜನವರಿಯಲ್ಲಿ ಆ ವೀಲನ್ನು ಬಿಚ್ಚಿದರು. ದುರಸ್ತಿ ಮಾಡಿ ಮತ್ತೆ ನಿಲ್ಲಿಸುತ್ತಾರಂತೆ, ಪಾರ್ಕನ್ನೂ ಜನರಿಗೆ ತೆರೆಯುತ್ತಾರಂತೆ. ಸುದ್ದಿ ತಿಳಿದ ದಿನ ಒಳದಾರಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ದನಿ ಭಾರವಾಗಿತ್ತು.

“ಹಾಳಾಗಿದ್ದನ್ನ ರಿಪೇರಿ ಮಾಡಿ ಹಾಳು ಮಾಡ್ತಿದ್ದಾರೆ ಮಗಾ.”

ಬರುವ ಏಪ್ರಿಲಿಗೆ ಮತ್ತೆ ಜೋಗಕ್ಕೆ ಹೊರಟಿದ್ದೇವೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ. ಬಂಡೆ ನೋಡುವ ಆಸೆ ಇರುವವರು ತಿಳಿಸಿ.