ಕೆಂಚುಗೂದಲಿನ ಖರ್ಚು

ಹೆಣ್ಣುಮಗಳ ತಲೆಗೂದಲು ಕೆಂಚಗಾದರೆ ನಮ್ಮ ಕಾಲದಲ್ಲಿ ಮಾತು ಕೇಳಬೇಕಾಗಿದ್ದವಳು ಅವಳ ತಾಯಿ. ‘ಮಗೀನ ತಲೆಗೆ ಒಂದು ತೊಟ್ಟು ಎಣ್ಣೆ ಕಾಣಿಸೋದಿಲ್ವೇನ್ರೀ?’ ಎಂದು ನಲ್ಲಿಯ ಹತ್ತಿರ ಯಾರಾದರೂ ಅಂದುಬಿಟ್ಟರೆ ಮುಗಿಯಿತು. ಅವತ್ತು ಸಂಜೆಯೇ ಅಮ್ಮ ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಬೆಚ್ಚಗೆ ಮಾಡಿ, ನನ್ನನ್ನು ಎರಡು ಮಂಡಿಗಳ ನಡುವೆ ಬಂಧಿಸಿ ನೆತ್ತಿಗೆ ತಟ್ಟಿ ತಟ್ಟಿ ಇಂಗಿಸುತ್ತಿದ್ದಳು. ಎರಡು ಜಡೆ ಹೆಣೆದು, ಮಡಚಿ, ಕಪ್ಪು ಟೇಪು ಕಟ್ಟಿ, ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಯೂನಿಫಾರ್ಮಿನ ಕಾಲರಿಗೆ ತಾಗಿದ ಮೇಲೆಯೇ ಅವಳಿಗೆ ಸಮಾಧಾನ. ಬೇಸಿಗೆ ರಜೆಯಲ್ಲಿ ಬಿಸಿಲಲ್ಲಿ ಅಲೆದು ಜಡೆಯ ತುದಿ ಕಂದಾಗಿದ್ದರೆ ಶಾಲೆ ತೆರೆಯುವ ಮುಂಚೆ ಅಷ್ಟುದ್ದಕ್ಕೆ ಕತ್ತರಿ ಬೀಳುತ್ತಿತ್ತು. ಗರುಗದ ಸೊಪ್ಪು, ದಾಸವಾಳದ ಎಲೆ, ನೆಲ್ಲಿಕಾಯಿ, ಕರಿಬೇವು ಎಂದು ಹಿತ್ತಲಲ್ಲಿ ಬೆಳೆದದ್ದೆಲ್ಲ ಕುದಿಯುವ ಎಣ್ಣೆಗೆ ಬಿದ್ದು ಕೊನೆಗೆ ನನ್ನ ತಲೆ ಸೇರಿದೆ.

ಹೀಗೆ ಹೋರಾಡಿ ಅಮ್ಮ ಓಡಿಸಿದ ಕೆಂಚನ್ನು ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ದುಡ್ಡು ಕೊಟ್ಟು ವಾಪಸು ತರಿಸಿಕೊಂಡೆ. ಅದೂ ಕೊರಿಯರಿನಲ್ಲಿ.

ಈಗ ಅದಕ್ಕೆ ಹೈಲೈಟ್ಸ್ ಅನ್ನುತ್ತಾರೆ. ತಲೆತುಂಬ ಕೆಂಚಾಗುವ ಹಾಗಿಲ್ಲ. ಅಲ್ಲಲ್ಲಿ, ಎಳೆ ಎಳೆಯಾಗಿ, ಅಮ್ಮಂದಿರ ಕೈ ತಪ್ಪಿ ಎಣ್ಣೆ ಬೀಳದ ಜಾಗಗಳು ಎದ್ದು ಕಾಣಬೇಕು. ಪಾರ್ಲರಿನ ಹುಡುಗಿ ನನ್ನ ಜಡೆ ಬಿಚ್ಚಿ, ಕೈಯಲ್ಲಿ ತೂಗಿ ನೋಡಿ, ‘ಶೋಲ್ಡರ್ ತನಕ ಆದ್ರೆ ಒಂದು ರೇಟು ಮೇಡಂ, ಇಷ್ಟುದ್ದ ಆದ್ರೆ ಬೇರೆ’ ಎಂದಳು. ಆ ಬೇರೆ ರೇಟಿನಲ್ಲಿ ನಮ್ಮ ಮನೆಗೆ ತಿಂಗಳ ದಿನಸಿ ಬರುತ್ತದೆ. ಗರುಗದ ಸೊಪ್ಪಿಗೂ ದಾಸವಾಳಕ್ಕೂ ಇಷ್ಟು ವರ್ಷ ಕಳೆದ ಮೇಲೆ ತೆರಿಗೆ ಬೀಳುತ್ತಿದೆಯಲ್ಲ ಅನ್ನಿಸಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ನಕ್ಕು, ‘ಚಿಕ್ಕಮ್ಮ, ಮನೇಲೇ ಮಾಡ್ಕೋ. ನಾನು ವಿಡಿಯೋ ಕಾಲಲ್ಲಿ ಹೇಳ್ಕೊಡ್ತೀನಿ’ ಎಂದು ಧೈರ್ಯ ತುಂಬಿದಳು. ಅವಳ ತಲೆಯ ಬಣ್ಣ ಹಬ್ಬದಿಂದ ಹಬ್ಬಕ್ಕೆ ಬದಲಾಗುವುದರಿಂದ ಅವಳ ಮಾತನ್ನು ಅನುಭವಸ್ಥರ ಮಾತೆಂದೇ ತಿಳಿಯಬೇಕು.

ಹಾಗೆ ನೋಡಿದರೆ ಹೈಲೈಟ್ಸ್ ನಮ್ಮ ಬೀದಿಗೆ ಹೊಸದೇನಲ್ಲ. ಮೂಲೆ ಮನೆಯ ನಿವೃತ್ತ ಹೆಡ್‌ಮಾಸ್ಟರು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ರಾತ್ರಿಯಿಡೀ ನೆನೆಸಿದ ಗೋರಂಟಿಯನ್ನು ಮೆತ್ತಿಕೊಂಡು, ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿ, ಜಗಲಿಯಲ್ಲಿ ಪೇಪರು ಹಿಡಿದು ಕೂರುತ್ತಾರೆ. ಗೋರಂಟಿಯಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಟಿನ್ನಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಯೇ ಹೊರತು ಇರುವ ಕಪ್ಪನ್ನು ತೆಗೆಯಲಾರದು. ಹಾಗಾಗಿ ಅವರ ತಲೆಯಲ್ಲಿ ಉಳಿದಿರುವ ಕರಿಗೂದಲು ಕರಿದಾಗಿಯೇ ಇದ್ದು, ಬೆಳ್ಳಗಾದದ್ದೆಲ್ಲ ಕಿತ್ತಳೆಯಾಗುತ್ತದೆ. ಎಳೆ ಬಿಟ್ಟು ಎಳೆ, ಬಲು ನಾಜೂಕು. ಪಾರ್ಲರಿನವರು ಬಂದು ನೋಡಿ ಕಲಿಯಬೇಕು. ಮೇಷ್ಟ್ರ ಮೀಸೆಗೂ ಅದೇ ಪ್ಯಾಕೇಜು.

ನನ್ನ ಕಷ್ಟ ಅದಕ್ಕೆ ಉಲ್ಟಾ. ನನಗೆ ಕಪ್ಪನ್ನೇ ಕಳೆಯಬೇಕಿತ್ತು. ಈ ಹುಚ್ಚಾದರೂ ನನ್ನೊಬ್ಬಳದಲ್ಲ. 16ನೇ ಶತಮಾನದ ವೆನಿಸ್ಸಿನ ಹೆಂಗಸರು ಮನೆಯ ತಾರಸಿಯ ಮೇಲೆ ಮರದ ಅಟ್ಟಣೆ ಕಟ್ಟಿಸಿಕೊಂಡು, ಕೂದಲಿಗೆ ಏನೇನೋ ದ್ರಾವಣ ಸವರಿಕೊಂಡು, ನೆತ್ತಿಯೇ ಇಲ್ಲದ ಅಗಲ ಅಂಚಿನ ಟೋಪಿ ಹಾಕಿ ಬಿಸಿಲಿಗೆ ಕೂರುತ್ತಿದ್ದರು. ಟೋಪಿಯ ತೂತಿನಿಂದ ಕೂದಲನ್ನು ಮೇಲಕ್ಕೆಳೆದು ಅಂಚಿನ ಮೇಲೆ ಹರಡಿಕೊಳ್ಳುವುದು, ಅಂಚಿನ ನೆರಳು ಮುಖಕ್ಕೆ. ಕೂದಲು ಕಪ್ಪಗಿರಬಾರದು, ಮುಖ ಕಪ್ಪಗಾಗಬಾರದು! ಚೆಸಾರೆ ವೆಚೆಲ್ಲಿಯೋ ಎಂಬಾತ 1590ರಲ್ಲಿ ತಂದ ಉಡುಗೆತೊಡುಗೆಯ ಪುಸ್ತಕದಲ್ಲಿ ಇದರ ಚಿತ್ರವೇ ಇದೆ. ಆಮೇಲೆ 1818ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಥೆನಾರ್ ಹೈಡ್ರೋಜನ್ ಪೆರಾಕ್ಸೈಡ್ ಕಂಡುಹಿಡಿದ. ಅದು ತಲೆಗೇರಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದರಿಂದ ಕೂದಲಿನ ಬಣ್ಣ ತಿಳಿಯಾಗಿಸಿ ತೋರಿಸಿದರಂತೆ. ಕೊರಿಯರಿನಲ್ಲಿ ನನ್ನ ಮನೆಗೆ ಬಂದದ್ದೂ ಅದೇ ಪೆರಾಕ್ಸೈಡು, ಜೊತೆಗೊಂದು ಪೊಟ್ಟಣ ನೀಲಿ ಬ್ಲೀಚಿಂಗ್ ಪುಡಿ.

ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿತ್ತು. ಒಂದಳತೆ ದ್ರಾವಣ ಇಪ್ಪತ್ತಳತೆ ಆಮ್ಲಜನಕ ಬಿಡುತ್ತದೆಂದು ಅದರ ಲೆಕ್ಕ. ಶೇಕಡಾ 6ರ ಪೆರಾಕ್ಸೈಡು. ಶೇಕಡಾ 12ರ ನಲವತ್ತು ವಾಲ್ಯೂಮಿನದೂ ಸಿಗುತ್ತದೆ. ‘ಅದರ ತಂಟೆಗೆ ಹೋದ್ರೆ ನನ್ನ ಹೆಸರು ಹೇಳ್ಬೇಡ’ ಎಂದು ಅಕ್ಕನ ಮಗಳು ಮೊದಲೇ ಎಚ್ಚರಿಸಿದ್ದಳು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯುವುದಾಯಿತು. ಅಷ್ಟು ಸಾಲದೆಂದು ಇನ್ನೊಂದು ಪರೀಕ್ಷೆ. ಅಂಗಡಿಯಿಂದ ತಂದ ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಹಿಂದೆ ಅಂಥದ್ದು ಹಚ್ಚಿದ್ದರೆ ಅದರ ಮೇಲೆ ಪೆರಾಕ್ಸೈಡು ಬಿದ್ದೊಡನೆ ಕೂದಲು ಬಿಸಿಯೇರಿ ತುಂಡಾಗುವುದೂ ಉಂಟು. ಆದ್ದರಿಂದ ಕತ್ತಿನ ಹತ್ತಿರ ಒಂದು ಸಣ್ಣ ಕುಚ್ಚು ಕತ್ತರಿಸಿ, ದಾರ ಕಟ್ಟಿ, ನೀಲಿ ಪೇಸ್ಟಿನಲ್ಲಿ ಅದ್ದಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಕಾಯುತ್ತಿದ್ದೆ. ಕಾಫಿಗೆಂದು ಒಳಗೆ ಬಂದ ಅಮ್ಮ ಕಟ್ಟಿದ ಕೂದಲನ್ನೂ ನೀಲಿ ಲೇಪವನ್ನೂ ನೋಡಿ ಬಾಗಿಲಲ್ಲೇ ನಿಂತಳು. ಬೆಳಗ್ಗೆ ಮೆಣಸಿನಕಾಯಿ ತೊಟ್ಟು ತೆಗೆದಿದ್ದರಿಂದ ಪಕ್ಕದಲ್ಲೇ ನಾಲ್ಕು ಒಣಮೆಣಸಿನಕಾಯಿಯೂ ಬಿದ್ದಿದ್ದವು. ‘ಯಾರಿಗೆ ಮಾಟ ಮಾಡಿಸ್ತಿದೀಯೇ?’ ಎಂದಳು, ಬಹಳ ಮೆಲ್ಲಗೆ. ಅಳಿಯನಿಗಿರಬಹುದೇ ಎಂಬ ಸಂಶಯ ಅವಳ ದನಿಯಲ್ಲಿತ್ತು.

ಕಲಸುವ ಬಟ್ಟಲು ಲೋಹದ್ದಾಗಿರಬಾರದು ಎಂದು ಸೂಚನಾಪತ್ರ ಹೇಳುತ್ತದೆ. ಇದನ್ನು ಬರೆದವರು ಕನ್ನಡನಾಡಿನ ಅಡುಗೆಮನೆ ಕಂಡವರಲ್ಲ. ಮದುವೆಗೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಬಂದ ಬಟ್ಟಲುಗಳೆಲ್ಲ ಹೆಸರು ಕೆತ್ತಿಸಿಕೊಂಡ ಸ್ಟೀಲು. ಕಡೆಗೆ ಹುಣಸೆಹಣ್ಣು ತುಂಬಿಟ್ಟಿದ್ದ ಐಸ್‌ಕ್ರೀಮ್ ಡಬ್ಬಿಯನ್ನು ಖಾಲಿ ಮಾಡಿ ತೊಳೆದದ್ದಾಯಿತು. ಲೋಹ ಸೋಕಿಸದೆ ಇಷ್ಟು ಮಡಿಯಲ್ಲಿ ಕಲಸಿದ ಲೇಪವನ್ನು ಕೂದಲಿಗೆ ಹಚ್ಚಿ ಮುಂದೇನು ಮಾಡಬೇಕು ಅಂದರೆ, ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಬೇಕು! ಇದನ್ನು ಪ್ರಶ್ನಿಸಿದಾಗ ಹುಡುಗಿ, ‘ಚಿಕ್ಕಮ್ಮ, ಲಾಜಿಕ್ ಆಮೇಲೆ, ಮೊದ್ಲು ಮಡಚು’ ಎಂದಳು. ಯಜಮಾನರ ಚಪಾತಿಗೆಂದು ತಂದಿಟ್ಟ ರೋಲು ಕೆಲಸಕ್ಕೆ ಬಂತು.

ಮುಂದಲೆಯ ಎಳೆಗಳು ಸುಲಭ. ಬಾಲದ ಬಾಚಣಿಗೆಯ ತುದಿಯಿಂದ ಒಂದೆಳೆ ತೆಗೆದು ಒಂದೆಳೆ ಬಿಡುತ್ತಾ ಹೋಗುವುದು, ಕೆಳಗೆ ಫಾಯಿಲು ಇಟ್ಟು ಬ್ರಷ್ಷಿನಿಂದ ಸವರುವುದು, ಮಡಚುವುದು. ಬುಡಕ್ಕೆ ಮಾತ್ರ ತಾಗಿಸುವ ಹಾಗಿಲ್ಲ. ನೆತ್ತಿಯ ಕಾವಿಗೆ ಅಲ್ಲಿ ಬಣ್ಣ ಬೇಗ ಬಿಡುತ್ತದಂತೆ. ಗ್ರಹಚಾರವೆಲ್ಲ ಹಿಂದಲೆಯದು. ದೇವರು ಮನುಷ್ಯನ ಕಣ್ಣುಗಳನ್ನು ಮುಂದಿಟ್ಟು, ಜಡೆಯನ್ನು ಹಿಂದಿಟ್ಟ. ಮುಂದೆ ಬೀರುವಿನ ಕನ್ನಡಿ, ಹಿಂದೆ ಸ್ಟೂಲಿನ ಮೇಲೆ ಡಬ್ಬಗಳಿಗೆ ಒರಗಿಸಿದ ಇನ್ನೊಂದು ಕನ್ನಡಿ. ಎರಡರ ನಡುವೆ ಯಾವ ಕೈ ಯಾವುದೆಂದು ಗೊತ್ತಾಗದೆ, ಎಡಕ್ಕೆ ಎಂದುಕೊಂಡದ್ದು ಬಲಕ್ಕೆ ಹೋಗಿ, ಕೂದಲೆಂದು ಸವರಿದ್ದು ನೈಟಿಯ ಹೆಗಲಾಗುತ್ತಿತ್ತು. ಫೋನಿನೊಳಗಿನ ಹುಡುಗಿಗಂತೂ ನನ್ನ ಎಡ ಅವಳ ಬಲ. ಅಮ್ಮನನ್ನು ಸಹಾಯಕ್ಕೆ ಕರೆಯೋಣವೆಂದರೆ, ಅವಳು ನನ್ನ ಕೂದಲಿನ ವಿಷಯದಲ್ಲಿ ಎದುರು ಪಕ್ಷ.

ಕಪ್ಪು ಹೋಗುವುದೂ ಒಂದೇ ಏಟಿಗಲ್ಲ. ನಮ್ಮ ಕೂದಲಿನ ಕಪ್ಪಿಗೆ ಕಾರಣವಾದ ಯೂಮೆಲನಿನ್ ಮೊದಲು ಕರಗುತ್ತದೆ. ಕೆಂಪು ಹಳದಿಗಳ ಫಿಯೋಮೆಲನಿನ್ ಜಪ್ಪಯ್ಯ ಅಂದರೂ ಬೇಗ ಬಿಡುವುದಿಲ್ಲ. ಹಾಗಾಗಿ ಕೆಂಗಂದು, ಕೆಂಪು, ಕಿತ್ತಳೆ, ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯ ತಿಳಿಹಳದಿ, ಇದೇ ದಾರಿಯಲ್ಲಿ ಹೋಗಬೇಕು. ನಮಗೆ ಬೇಕಾದದ್ದು ಕಿತ್ತಳೆಗೂ ಹಳದಿಗೂ ನಡುವೆ ಎಲ್ಲೋ ಇತ್ತು. ಹತ್ತು ನಿಮಿಷಕ್ಕೊಮ್ಮೆ ಒಂದು ಫಾಯಿಲು ಬಿಚ್ಚಿ ನೋಡಬೇಕು. ಅಂಥ ನಿರ್ಣಾಯಕ ಘಳಿಗೆಯಲ್ಲೇ ಕರೆಗಂಟೆ ಬಾರಿಸಿತು.

ಗ್ಯಾಸಿನವನು. ಸಿಲಿಂಡರನ್ನು ಹೆಗಲಿಂದ ಇಳಿಸಿ ನಿಂತಿದ್ದ. ತಲೆತುಂಬ ಬೆಳ್ಳಿಯ ಪೊಟ್ಟಣಗಳು, ಕೈಗೆ ಗ್ಲೌಸು, ಹೆಗಲ ಮೇಲೆ ಹಳೇ ಟವೆಲು, ಸುತ್ತಲೂ ಅಮೋನಿಯಾದ ಘಾಟು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ದಿನಕ್ಕೆ ಅಷ್ಟೊಂದು ಬಾಗಿಲು ತೆಗೆಸುವವನು ಏನೇನು ಕಂಡಿದ್ದಾನೋ. ‘ಕೋಡ್ ಹೇಳಿ ಅಕ್ಕ’ ಎಂದ. ಕೋಡಿರುವುದು ಫೋನಿನಲ್ಲಿ, ಫೋನಿನಲ್ಲಿ ಅಕ್ಕನ ಮಗಳಿದ್ದಾಳೆ, ಗ್ಲೌಸು ಹಾಕಿದ ಬೆರಳಿಗೆ ಸ್ಕ್ರೀನು ಬಗ್ಗುವುದಿಲ್ಲ. ಫೋನನ್ನೇ ಅವನ ಮುಂದೆ ಹಿಡಿದೆ. ಅವನು ಹುಡುಗಿಗೆ ನಮಸ್ಕಾರ ಹೇಳಿ, ಅವಳನ್ನು ಪಕ್ಕಕ್ಕೆ ಸರಿಸಿ, ಮೆಸೇಜು ಹುಡುಕಿ ನಂಬರು ಒತ್ತಿಕೊಂಡ. ಒಳಗೆ ಹೋಗಲು ನಾನು ತಿರುಗಿದಾಗ, ‘ಅಕ್ಕ, ಹಿಂದ್ಗಡೆ ಒಂದು ಬಿಚ್ಕೊಂಡೈತೆ’ ಎಂದ.

ಸಂಕೋಚ ಬಿಟ್ಟೆ. ಅಷ್ಟು ಹೊತ್ತಿನಿಂದ ಎರಡು ಕನ್ನಡಿ ಹೇಳಲಾರದ ಸಂಗತಿಯನ್ನು ಹೇಳಬಲ್ಲ ಮನುಷ್ಯ ಎದುರಿಗಿದ್ದಾನೆ. ‘ಯಾವ ಬಣ್ಣ ಇದೆ, ನೋಡಿ ಹೇಳಪ್ಪ’ ಎಂದೆ. ಅವನು ದೂರದಿಂದಲೇ ತಲೆ ಓರೆ ಮಾಡಿ ಪರೀಕ್ಷಿಸಿ, ‘ಎಡಕ್ಕೆ ಕಿತ್ಲೆ ಬಂದೈತೆ, ಬಲಕ್ಕೆ ಇನ್ನೂ ಕೆಂಪಿದೆ. ಒಂದ್ಹತ್ತು ನಿಮಿಷ ಬಿಡಿ’ ಎಂದು ಖಾಲಿ ಸಿಲಿಂಡರು ಉರುಳಿಸಿಕೊಂಡು ಹೊರಟ. ಫೋನಿನಿಂದ ಹುಡುಗಿ, ‘ಕರೆಕ್ಟ್ ಹೇಳಿದ್ರು ಚಿಕ್ಕಮ್ಮ’ ಎಂದಳು. ಅವನು ಹೇಳಿದಷ್ಟೇ ಹೊತ್ತು ಬಿಟ್ಟೆ. ತಪ್ಪಲಿಲ್ಲ. ಅವನ ಮನೆಯಲ್ಲಿ ಯಾರ ತಲೆ ನೋಡಿ ಪಳಗಿದ್ದನೋ, ಕೇಳಿಕೊಳ್ಳಲಾಗಲಿಲ್ಲ.

ತೊಳೆದು ಒಣಗಿಸಿದ ಮೇಲೆ ನಿಜಕ್ಕೂ ಚೆನ್ನಾಗಿತ್ತು. ಹಿಂದೆ ತಾಮ್ರ, ಮುಖದ ಇಕ್ಕೆಲದಲ್ಲಿ ಸ್ವಲ್ಪ ಹೆಚ್ಚೇ ಹಳದಿ. ಕಿಟಕಿಯ ಬಿಸಿಲಿಗೆ ನಿಂತು ತಲೆ ಆಡಿಸಿದರೆ ಮಿಂಚುತ್ತಿತ್ತು. ಅಮ್ಮ ಎದುರಿಗೆ ಬಂದು ಕೂತು ಬಹಳ ಹೊತ್ತು ನೋಡಿದಳು. ಬೈದಿದ್ದರೆ ವಾದಕ್ಕೆ ನಾನು ತಯಾರಾಗಿದ್ದೆ. ಅವಳು ಎದ್ದು ಹೋಗಿ ಎಣ್ಣೆ ಬಟ್ಟಲು ತಂದು, ‘ಕೂತ್ಕೋ ಬಾ’ ಎಂದಳು. ಕಾಸು ಕೊಟ್ಟು ತಂದ ಬಣ್ಣ, ಎರಡು ದಿನವಾದರೂ ಎಣ್ಣೆ ಬೇಡವೆಂದು ನಾನು ಎಷ್ಟು ಹೇಳಿದರೂ, ‘ಬಿಸಿಲಿಗೆ ಹೋಗಿದ್ಯಲ್ಲ, ಅದಕ್ಕೇ ಹೀಗಾಗಿದೆ’ ಎಂದು ಸ್ವತಃ ಕಾರಣ ಕಂಡುಹಿಡಿದುಕೊಂಡಿದ್ದಳು.

ಹಳದಿ ತಗ್ಗಿಸಲು ಹುಡುಗಿ ನೇರಳೆ ಬಣ್ಣದ ಶಾಂಪು ಕಳಿಸಿದಳು. ಹಳದಿಗೆ ಎದುರು ಬಣ್ಣ ನೇರಳೆ, ಒಂದು ಇನ್ನೊಂದನ್ನು ಅಡಗಿಸುತ್ತದೆ. ಬಟ್ಟೆಗೆ ನೀಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ವಾರಕ್ಕೊಮ್ಮೆ ಒಂದಿಷ್ಟೇ ಇಷ್ಟು ಹಾಕಿಕೊಳ್ಳುತ್ತಿದ್ದರೂ ಬಾಟಲಿ ಇಳಿಯುತ್ತಿದ್ದ ವೇಗ ಮಾತ್ರ ವಿಚಿತ್ರವಾಗಿತ್ತು. ಯಜಮಾನರನ್ನು ವಿಚಾರಿಸಿದರೆ, ತಲೆಯ ಮೇಲೆ ಕೈಯಾಡಿಸಿ, ‘ಎಲ್ಲಿಗೆ ಹಚ್ಕೊಳ್ಲಿ?’ ಎಂದರು. ನ್ಯಾಯವಾದ ಪ್ರಶ್ನೆ.

ಶುಕ್ರವಾರ ಅಮ್ಮನನ್ನು ಲಲಿತಾ ಸಹಸ್ರನಾಮದ ಗುಂಪಿನಿಂದ ಕರೆತರಲು ಹೋದಾಗ ಗೊತ್ತಾಯಿತು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಹಳದಿಗಟ್ಟಿದ್ದ ಅವಳ ಬಿಳಿಗೂದಲು ಬೆಳ್ಳಿಯ ಸರಿಗೆಯಾಗಿತ್ತು. ಮನೆಯಲ್ಲಿ ಅವಳು ತಲೆಗೆ ಸೆರಗು ಹೊದ್ದೇ ಓಡಾಡುತ್ತಿದ್ದುದರ ಮರ್ಮ ಆಗ ತಿಳಿಯಿತು. ಹೆಂಗಸರು ಅವಳ ತುರುಬನ್ನು ಸುತ್ತುವರಿದು, ಏನು ಹಚ್ಚುತ್ತೀರಿ, ನಮಗೂ ಹೇಳಿ ಎಂದು ದುಂಬಾಲು ಬಿದ್ದಿದ್ದರು. ಅಮ್ಮ ನನ್ನ ಕಣ್ಣಿಗೆ ಕಣ್ಣು ಕೊಡದೆ, ‘ಏನಿಲ್ಲಮ್ಮ, ಬರೀ ಸೀಗೆಪುಡಿ’ ಎಂದಳು. ಆಟೋ ಹತ್ತಿದ ಮೇಲೆ ಸ್ವಲ್ಪ ದೂರ ಸುಮ್ಮನಿದ್ದು, ಈ ಸಲ ತರಿಸುವಾಗ ದೊಡ್ಡ ಬಾಟಲಿಯೇ ತರಿಸು, ಸಣ್ಣದು ಪೂರೈಸುವುದಿಲ್ಲ ಎಂದಳು.