ನೀತಿ ಬಿಟ್ಟು ಮಿಕ್ಕಿದ್ದೆಲ್ಲ

ಮಕ್ಕಳಿಗೆ ಒಳ್ಳೆಯ ಬುದ್ಧಿ ಬರಲೆಂದು ಪುರಾಣದ ಕಥೆ ಹೇಳಬೇಕು ಎನ್ನುವವರು ಆ ಕಥೆಗಳನ್ನು ಇತ್ತೀಚೆಗೆ ಓದಿಲ್ಲ ಅಂತ ನನ್ನ ಗುಮಾನಿ. ಓದಿದ್ದರೆ ಗಣಪತಿಯಿಂದ ಶುರು ಮಾಡುತ್ತಿರಲಿಲ್ಲ. ಪ್ರಪಂಚ ಸುತ್ತಿ ಬಾ ಎಂದರೆ ಷಣ್ಮುಖ, ಪಾಪ, ನವಿಲು ಹತ್ತಿ ಹೊರಟೇಬಿಟ್ಟ. ನಮ್ಮ ಡೊಳ್ಳುಹೊಟ್ಟೆಯವನು ಅಪ್ಪ ಅಮ್ಮನಿಗೆ ಒಂದು ಸುತ್ತು ಹಾಕಿ ಹಣ್ಣು ಹೊಡೆದುಕೊಂಡ. ತಂದೆ ತಾಯಿಯೇ ಜಗತ್ತು ಎಂದು ನಾನು ಗಂಟಲುಬ್ಬಿ ಹೇಳಿ ಮುಗಿಸಿದ ಮಾರನೆಯ ದಿನ, ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಾ ಎಂದದ್ದಕ್ಕೆ ಮೊಮ್ಮಗಳು ಅಡುಗೆಮನೆಯಲ್ಲಿ ಅವಳಮ್ಮನಿಗೆ ಒಂದು ಪ್ರದಕ್ಷಿಣೆ ಬಂದು, ಐಸ್‌ಕ್ರೀಮಿಗೆ ಕೈಯೊಡ್ಡಿದಳು.

ಈ ಕೆಲಸ ನನ್ನ ಪಾಲಿಗೆ ಬಂದದ್ದು ಸೊಸೆಯ ಕೃಪೆಯಿಂದ. “ಮಾವ, ಊಟಕ್ಕೆ ಕೂತರೆ ಇವಳಿಗೆ ಮೊಬೈಲ್ ಬೇಕು. ನೀವು ಹೇಗೂ ಮನೇಲಿರ್ತೀರಲ್ಲ, ನಾಲ್ಕು ಒಳ್ಳೆ ಕಥೆ ಹೇಳಿ.” ಬ್ಯಾಂಕಿನಲ್ಲಿ ಸಾಲಗಾರರ ಕಥೆ ಕೇಳಿ ಪಳಗಿದವನಿಗೆ ಕಥೆ ಹೇಳುವುದೇನು ಮಹಾ ಎಂದು ಒಪ್ಪಿಕೊಂಡೆ.

ಸತ್ಯದ ವಿಷಯಕ್ಕೆ ಹರಿಶ್ಚಂದ್ರನಿಗಿಂತ ಬೇರೆ ಯಾರು ಬೇಕು? 13ನೇ ಶತಮಾನದಲ್ಲಿ ರಾಘವಾಂಕ ಅವನ ಮೇಲೆ ಕಾವ್ಯವನ್ನೇ ಬರೆದ. ಹರಿಶ್ಚಂದ್ರನ ನಾಟಕ ನೋಡಿದ ಹುಡುಗ ಗಾಂಧಿ, ಎಲ್ಲರೂ ಹರಿಶ್ಚಂದ್ರನ ಹಾಗೆ ಯಾಕಿರಬಾರದು ಎಂದು ಹಗಲಿರುಳು ಯೋಚಿಸಿದರಂತೆ. ನಮ್ಮವಳೂ ಯೋಚಿಸಿದಳು. ಅನ್ನ ಬಾಯಲ್ಲಿಟ್ಟುಕೊಂಡೇ ಕೇಳಿದಳು: “ಮಾತು ಕೊಟ್ಟಿದ್ದು ಅಪ್ಪ ತಾನೆ ತಾತ? ಮೊದಲು ಅಮ್ಮನ್ನ ಯಾಕೆ ಮಾರಿದ್ದು?” ಮಗ ತಟ್ಟೆಯ ಕಡೆ ಇನ್ನಷ್ಟು ಬಗ್ಗಿದ. ಒಲೆಯ ಮುಂದಿನಿಂದ ಸೊಸೆಯ ದನಿ ಬಂತು: “ಕೇಳು ಪುಟ್ಟಿ, ಬಿಡಬೇಡ.”

ಪುಣ್ಯಕೋಟಿಯೂ ಕೈಹಿಡಿಯಲಿಲ್ಲ. ಕನ್ನಡ ಶಾಲೆಗಳಲ್ಲಿ ತಲೆಮಾರುಗಳೇ ಆ ಹಸುವಿಗಾಗಿ ಅತ್ತಿವೆ. ಇವಳು ಅತ್ತದ್ದು ಹುಲಿಗಾಗಿ. ಅದು ಹಸಿದಿತ್ತಂತೆ, ಹುಲ್ಲು ತಿನ್ನೋಕೆ ಅದಕ್ಕೆ ಬರಲ್ಲವಂತೆ, ಬೈದು ಕಳಿಸಿದ್ದರೆ ಸಾಕಿತ್ತಂತೆ.

ಧರ್ಮರಾಯನ ಕಥೆ ಹೇಳಿದ್ದು ಸುಳ್ಳಿನ ಪರಿಣಾಮ ತೋರಿಸಲಿಕ್ಕೆ. ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಮೆಲ್ಲಗೆ ಗೊಣಗಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ರಥ ಧೊಪ್ಪನೆ ಕೆಳಗಿಳಿಯಿತು. ಅದೇ ವಾರ ಅವಳಮ್ಮ ಹೋಂವರ್ಕ್ ಆಯಿತಾ ಎಂದಳು. “ಆಯ್ತೂ!” ಎಂದು ಬೀದಿಗೆ ಕೇಳುವಂತೆ ಕೂಗಿದ ಮೊಮ್ಮಗಳು, ಪುಸ್ತಕ ಅಡ್ಡ ಹಿಡಿದು “ಕನ್ನಡದ್ದು” ಎಂದಳು. ಗಣಿತದ ಪುಸ್ತಕ ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ. ನಾನು ದುರುಗುಟ್ಟಿ ನೋಡಿದೆ. ಅವಳು ಎರಡೂ ಕಾಲನ್ನು ನೆಲದಿಂದೆತ್ತಿ ಸೋಫಾದ ಮೇಲಿಟ್ಟುಕೊಂಡಳು.

ಪುರಾಣವೇ ಬೇಡ, ಪಂಚತಂತ್ರ ವಾಸಿ, ಅದನ್ನು ಬರೆದದ್ದೇ ದಡ್ಡ ಮಕ್ಕಳಿಗೆ ಎಂದುಕೊಂಡೆ. ಅಮರಶಕ್ತಿ ರಾಜನ ಮೂವರು ಮಕ್ಕಳನ್ನು 6 ತಿಂಗಳಲ್ಲಿ ಜಾಣರನ್ನಾಗಿ ಮಾಡುತ್ತೇನೆಂದು ಪಂತ ಕಟ್ಟಿದ 80ರ ಮುದುಕ ವಿಷ್ಣುಶರ್ಮ. ಅವನು ಮೊದಲು ಕಲಿಸಿದ್ದೇನು? ಮಿತ್ರಭೇದ! ದಮನಕ ಎಂಬ ನರಿ, ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹಕ್ಕೆ ಹುಳಿ ಹಿಂಡುತ್ತದೆ. ಸಿಂಹ ಎತ್ತನ್ನು ಕೊಲ್ಲುತ್ತದೆ. ನರಿಗೆ ಶಿಕ್ಷೆಯಾಗುತ್ತದೆಂದು ಕಾದರೆ, ಅದು ಮಂತ್ರಿಯಾಗಿ ಹಾಯಾಗಿರುತ್ತದೆ. ಈ ವಿದ್ಯೆಯನ್ನು ನಾನು ಕೆಲಸ ಮಾಡಿದ ಕಡೆ ಪುಸ್ತಕದ ಖರ್ಚಿಲ್ಲದೆ ಹೇಳಿಕೊಡುತ್ತಿದ್ದರು. ಎರಡನೇ ಕ್ಲಾಸಿನಲ್ಲೇ ಬೇಕೇ?

ನಿಜ ಹೇಳಬೇಕೆಂದರೆ ನಮ್ಮ ಅಜ್ಜಿ ಒಂದು ದಿನವೂ ನೀತಿ ಹೇಳಿದವರಲ್ಲ. ಕೈತುತ್ತು ಹಾಕುತ್ತ ನಡುವೆ ಕಥೆ ನಿಲ್ಲಿಸಿದರೆ ಅದು ಮಜ್ಜಿಗೆ ಅನ್ನ ಕಲಸಲಿಕ್ಕೆ. ಅಷ್ಟರೊಳಗೆ ನರಸಿಂಹ ಕಂಬದಲ್ಲೇ ಇರುತ್ತಿದ್ದ, ಹಿರಣ್ಯಕಶಿಪು ಗದೆ ಎತ್ತಿದ ಕೈ ಎತ್ತಿದಂತೆ ನಿಂತಿರುತ್ತಿದ್ದ. ಕೊನೆಗೆ ಕರುಳು ಬಗೆಯುವ ಭಾಗವನ್ನು ಅವರು ಸ್ವಲ್ಪವೂ ಕಡಿಮೆ ಮಾಡದೆ, ಉಪ್ಪಿನಕಾಯಿ ನೆಂಚಿಸುತ್ತಲೇ ಹೇಳುತ್ತಿದ್ದರು. ಈಗಿನ ಬಣ್ಣದ ಪುಸ್ತಕಗಳಲ್ಲಿ ನರಸಿಂಹನ ಉಗುರು ನೀಟಾಗಿ ಕತ್ತರಿಸಿದ ಹಾಗಿರುತ್ತದೆ. ಕೆಳಗೆ ಚೌಕಟ್ಟಿನಲ್ಲಿ ನೀತಿ.

ಪ್ರಹ್ಲಾದನ ಕಥೆಯಲ್ಲಿ ಮಗುವಿಗೆ ಏನು ಕಲಿಸುತ್ತೇವೋ ನನಗಂತೂ ತಿಳಿಯದು. ಅಪ್ಪ ಹೇಳಿದ್ದನ್ನು ಕೇಳಬೇಡ ಅಂತಲೇ? ಅದನ್ನು ಹೇಳುವವನೂ ಅಪ್ಪನೇ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ಆ ಗತ್ತು, ಆ ಮಾತಿನ ವರಸೆ ನೋಡಿದವರ್‍ಯಾರಿಗೆ ಮನೆಗೆ ಬಂದು ಪ್ರಹ್ಲಾದನಾಗುವ ಮನಸ್ಸಾದೀತು? ಒಂದು ಭಾನುವಾರ ಟಿವಿಯಲ್ಲಿ ಅದನ್ನು ನೋಡಿದ ನಮ್ಮವಳು, ಶಾಲೆಯ ವೇಷದ ಸ್ಪರ್ಧೆಗೆ ತಾನು ರಾಕ್ಷಸನೇ ಆಗಬೇಕೆಂದು ಹಟ ಹಿಡಿದಳು. ಕಾಡಿಗೆಯ ಮೀಸೆ, ಸೊಸೆಯ ರೇಷ್ಮೆ ಸೀರೆ, ಸಾರಿನ ಸೌಟೇ ಗದೆ. ವೇದಿಕೆ ಮೇಲೆ “ಎಲ್ಲಿದ್ದಾನೆ ನಿನ್ನ ಹರಿ?” ಎಂದು ಅಬ್ಬರಿಸಿದ್ದಕ್ಕೆ, ಸಾಲಾಗಿ ಕೂತಿದ್ದ ಪುಟಾಣಿ ರಾಮ, ಕೃಷ್ಣರಲ್ಲಿ ಇಬ್ಬರು ಅಮ್ಮಾ ಎಂದು ಅತ್ತರು. ಸಮಾಧಾನಕರ ಬಹುಮಾನ ಬಂತು, ಸಮಾಧಾನವಾಗಬೇಕಾದದ್ದು ಆ ಇಬ್ಬರಿಗೆ.

ಮೊನ್ನೆ ನಚಿಕೇತನನ್ನು ಹೊರಗೆ ತಂದೆ. ಅವನಪ್ಪ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ. ಹುಡುಗ “ನನ್ನನ್ನು ಯಾರಿಗೆ ಕೊಡ್ತೀಯಪ್ಪ?” ಎಂದು ಪ್ರಾಣ ಹಿಂಡಿದ. ಮೂರನೆಯ ಸಲಕ್ಕೆ ಅಪ್ಪ ರೇಗಿ, “ಯಮನಿಗೆ!” ಎಂದ.

“ಮೂರು ಸಲಕ್ಕೇ? ಸೈಕಲ್ಲು ಸೈಕಲ್ಲು ಅಂತ ನಾನು ಅಪ್ಪನ್ನ ಎಷ್ಟು ಸಲ ಕೇಳಿದೀನಿ!” ಎಂದಳು ಮೊಮ್ಮಗಳು. ಮಗ ಕೆಮ್ಮಿದ.

ಯಮ ಮನೆಯಲ್ಲಿರಲಿಲ್ಲ, ಹುಡುಗ ಮೂರು ರಾತ್ರಿ ಉಪವಾಸ ಕಾದ, ಅದಕ್ಕೆ ಯಮ ಮೂರು ವರ ಕೊಟ್ಟ ಎಂದೆ. ಮೊದಲನೆಯದರಲ್ಲಿ ನಚಿಕೇತ, ಅಪ್ಪನ ಕೋಪ ಇಳಿಯಲಿ ಎಂದು ಕೇಳಿಕೊಂಡ.

“ಅಯ್ಯೋ, ಒಂದು ವರ ದಂಡ ಮಾಡ್ದ.”

“ಯಾಕೇ?”

“ಅಪ್ಪನ ಕೋಪ ಊಟ ಆದ್ಮೇಲೆ ತಾನಾಗೇ ಇಳಿಯುತ್ತೆ ತಾತ.”