ಹಾರ್ವೆಯಿ ಖಾತೆ ಬದಲಾವಣೆ

(ಕಾಲ್ಪನಿಕ ಸಂದರ್ಶನ)

ಕರಾವಳಿಯಿಂದ ಬೆಂಗಳೂರಿಗೆ ಹೊರಟಿದ್ದ ಸೀಗಡಿ ಲಾರಿ ವಡೆಗೆಂದು ಮದ್ದೂರಿನಲ್ಲಿ ನಿಂತಿತ್ತು. ಐಸ್ ಪೆಟ್ಟಿಗೆಯೊಳಗಿದ್ದ ಬ್ಯಾಕ್ಟೀರಿಯಾ ವಿಬ್ರಿಯೊ ಹಾರ್ವೆಯಿ ಮಾತಿಗೆ ಸಿಕ್ಕರು.

ಇಳೀರಿ ಸಾ, ಮಳವಳ್ಳಿ ಕೆರೆ ತೋರಿಸ್ತೀನಿ.

— ಬೇಡ ಮಾರಾಯ್ರೆ. ನಿಮ್ಮದು ಕಾವೇರಿ, ಸಪ್ಪೆ ನೀರು. ನನಗೆ ಉಪ್ಪು ಬೇಕು. ನಿಮ್ಮ ಕಟ್ಲಾ, ರೋಹುವಿಗೆ ಕಾಟ ಕೊಡಲಿಕ್ಕೆ ಏರೋಮೊನಾಸ್ ಇದ್ದಾನಲ್ಲ!

ಕಾವೇರಿ ನೀರು ಬೇಡ ಅಂದೋರನ್ನ ಇವತ್ತೇ ನೋಡಿದ್ದು. ನಾಲೆ ಕೊನೇಲಿರೋ ನಮ್ಮೋರಿಗೆ ಹೇಳ್ತೀನಿ, ಖುಷಿ ಪಡ್ತಾರೆ. ಪೂರ್ತಿ ಹೆಸರು?

— ಯಾವ ಕಾಲದ್ದು? 1936ರಲ್ಲಿ ಅಕ್ರೊಮೊಬ್ಯಾಕ್ಟರ್. ಆಮೇಲೆ ಲೂಸಿಬ್ಯಾಕ್ಟೀರಿಯಂ, ಬೆನೆಕಿಯಾ. ಈಗ ವಿಬ್ರಿಯೊ. ಹಾರ್ವೆಯಿ ಮಾತ್ರ ಉಳಿಯಿತು. ಮೈ ಬೆಳಗುವ ಜೀವಿಗಳ ಹಿಂದೆ ಬಿದ್ದಿದ್ದ ಅಮೆರಿಕದ ನ್ಯೂಟನ್ ಹಾರ್ವೆಯವರ ಹೆಸರದು.

ತಾಲ್ಲೂಕು ಕಚೇರೀಲಿ ಇಷ್ಟು ಸಲ ಖಾತೆ ಬದಲಾಯಿಸೋಕೆ ಮೂರು ತಲೆಮಾರು ಬೇಕು.

— ನಮ್ಮಲ್ಲಿ ಮೂರು ತಲೆಮಾರೆಂದರೆ ಒಂದು ಮಧ್ಯಾಹ್ನ.

ಜಾತಿ ಪ್ರಮಾಣಪತ್ರ ಉಂಟಾ?

— ಅದೇ ರಗಳೆ. ಮೊದಲು ಯಾವ ಸಕ್ಕರೆ ಅರಗಿಸಿಕೊಳ್ತಾನೆ ಅಂತ ನೋಡಿ ಜಾತಿ ಬರೀತಿದ್ದರು.

ಸಕ್ಕರೆ ಅಂದ್ರೆ ಮಂಡ್ಯಕ್ಕೇ ಬರಬೇಕಿತ್ತು!

— ಆ ಪರೀಕ್ಷೆಯಲ್ಲಿ ನನಗೂ ನನ್ನ ದಾಯಾದಿ ವಿಬ್ರಿಯೊ ಕ್ಯಾಂಪ್‌ಬೆಲ್ಲಿಗೂ ವ್ಯತ್ಯಾಸವೇ ಸಿಗ್ತಿರಲಿಲ್ಲ. 16ಎಸ್ ಜೀನ್ ನೋಡಿದರೂ ಅವಳಿಜವಳಿ. ಈಗ ಇಡೀ ಜೀನೋಮ್ ಹರವಿ ತಾಳೆ ಹಾಕ್ತಾರೆ. ನೂರಕ್ಕೆ 95ರಷ್ಟಾದರೂ ಹೊಂದದಿದ್ದರೆ ಬೇರೆ ಪ್ರಭೇದ. ಹಾಗೆ ನೋಡಿದಾಗ, ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ನನ್ನ ಹೆಸರಲ್ಲಿ ಮೆರೆದ ಬಿಎಎ-1116 ಎಂಬ ತಳಿ ಕ್ಯಾಂಪ್‌ಬೆಲ್ಲಿ ಅಂತ 2010ರಲ್ಲಿ ಗೊತ್ತಾಯಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಕಾಯಿಲೆ ಬಿದ್ದ ಸಾಕು ಸೀಗಡಿಯೊಳಗಿಂದ ಓವೆನ್ಸಿ ಅಂತ ಮತ್ತೊಬ್ಬ ದಾಯಾದಿ ಹೊರಬಿದ್ದ.

ಕತ್ತಲಲ್ಲಿ ಹೊಳೀತೀರಂತೆ?

— ಒಬ್ಬನೇ ಇದ್ದರೆ ಇಲ್ಲ. ರಾಸಾಯನಿಕ ಸಂಕೇತ ಬಿಡ್ತೇವೆ. ಸಾಕಷ್ಟು ಜನ ಸೇರಿದ್ದೇವೆ ಅಂತ ಖಾತ್ರಿಯಾದ ಮೇಲೆ ಬೆಳಕು.

ಕೋರಂ! ನಮ್ಮ ಗ್ರಾಮಸಭೇಲಿ ಪುಸ್ತಕದಲ್ಲಿ ಸಹಿ ಇದ್ರೆ ಆಯ್ತು.

— ಬೆಳಕು?

ಬೀದಿ ದೀಪಕ್ಕೆ ಅರ್ಜಿ ಹಾಕಿದೀವಿ. ಅದಿರಲಿ, ಹೆಸರು ಪತ್ತೆಯಾದ್ರೆ ಸೀಗಡಿ ಉಳೀತದಾ?

— ಹೆಸರು ಸಿಕ್ಕಿದ ಕೂಡಲೇ ಜನ ಔಷಧಿ ಅಂಗಡಿಗೆ ಓಡ್ತಾರೆ. 1994ರಲ್ಲೇ ಮಂಗಳೂರು ಮೀನುಗಾರಿಕೆ ಕಾಲೇಜಿನ ಕರುಣಾಸಾಗರ್ ದಂಪತಿ, ಸಂಗಡಿಗರು ಬರೆದಿಟ್ಟಿದ್ದಾರೆ: ಹ್ಯಾಚರಿಯಲ್ಲಿ ಸೀಗಡಿ ಮರಿಗಳು ರಾಶಿ ರಾಶಿ ಸತ್ತದ್ದು ನನ್ನಿಂದ, ಮತ್ತು ನನಗೆ ಕ್ಲೋರಾಂಫೆನಿಕಾಲ್‌ನಂಥ ಆ್ಯಂಟಿಬಯೋಟಿಕ್ ಕೂಡ ನಾಟುವುದಿಲ್ಲ. ತೊಟ್ಟಿಗೆ ಸುರಿದು ಸುರಿದು ನಮಗೆ ಅಭ್ಯಾಸ ಮಾಡಿಸಿದ್ದು ಯಾರು? ಚೀಟಿ ಹಿಡಿದು ನಾನು ಹೋಗಿದ್ದೆನಾ?

ಈಗ ಅದೆಲ್ಲ ನಿಷೇಧ ಅಲ್ವಾ?

— ನೀವು ಮಂಡ್ಯದವರು, ನಿಷೇಧ ಅಂದರೆ ಏನಂತ ನಿಮಗೆ ನಾನು ಹೇಳಬೇಕಾ?

ಪತ್ರಿಕೇಲಿ ಯಾವ ಹೆಸರು ಹಾಕಲಿ ಸಾ?

— ಸದ್ಯಕ್ಕೆ ಪೆನ್ಸಿಲಿನಲ್ಲಿ ಬರ್ಕೊಳ್ಳಿ.